ಪಿಡಿಪಿ-೧೧ ಗಣಕವಂಶದ ಪಾಠಾಂತರಗಳೂ ಅವುಗಳ ಅನುಕರಣವೂ

ಹಳಗನ್ನಡ ಗ್ರಂಥವೊಂದನ್ನು ಪರಿಷ್ಕರಿಸಲು ತೊಡಗಿದ ಪಂಡಿತನಿಗೆ ಮೊದಲು ಎದುರಾಗುವ ತೊಡಕು ಯಾವುದೆಂಬುದು ವಾಚಕರಿಗೆ ವಿದಿತವೇ ಇದೆ. ಪ್ರತಿಗಳು ಹಲವಿರುತ್ತವೆ, ಒಂದರಲ್ಲಿರುವ ಪಾಠವು ಇನ್ನೊಂದರಲ್ಲಿರುವುದಿಲ್ಲ, ಎಲ್ಲವೂ ಒಂದೇ ಗ್ರಂಥದ ಪ್ರತಿಗಳಾದರೂ ಯಾವ ಎರಡು ಪ್ರತಿಗಳೂ ಅಕ್ಷರಶಃ ಒಂದಾಗಿರುವುದಿಲ್ಲ. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಓಲೆಯ ಕಟ್ಟುಗಳನ್ನು ಕೂಡಿಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸುವಾಗ ಈ ತೊಡಕನ್ನೇ ಎದುರಿಸಿದರು. ಅದೇ ಸೀಮೆಯಲ್ಲಿ, ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಹಾಡುಗಳನ್ನು ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಹೊರ್ತಿಯ ಹೆಣ್ಣುಮಗಳು ಬೀಸುವಾಗ ಹಾಡುವ ತ್ರಿಪದಿಯಲ್ಲಿ ಒಂದು ಮಾತು ಹಲಸಂಗಿಯಲ್ಲಿ ಬೇರೆಯಾಗಿ ಬಂದರೆ, ಸಂಗ್ರಾಹಕನು ಯಾವುದನ್ನು ಬರೆದುಕೊಳ್ಳಬೇಕು? ಎರಡನ್ನೂ ಬೆರಸಿ ಎಲ್ಲಿಯೂ ಹಾಡದ ಮೂರನೆಯದೊಂದನ್ನು ಮಾಡಬಹುದೆ? ಮಾಡಬಾರದೆಂಬುದು ಇಂದು ಸರ್ವಸಮ್ಮತವಾದ ಅಭಿಪ್ರಾಯವಾಗಿದೆ.

ಈ ಪ್ರಶ್ನೆಯು ಓಲೆಗೂ ಹಾಡಿಗೂ ಮಾತ್ರ ಸೇರಿದುದಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಆ ಶತಮಾನ ಮುಗಿಯುವ ಮೊದಲೇ ತಯಾರಿಕೆ ನಿಂತುಹೋದ ಒಂದು ಗಣಕಯಂತ್ರವಂಶದ ವಿಷಯದಲ್ಲಿ ಇದು ಅಷ್ಟೇ ತೀಕ್ಷ್ಣವಾಗಿ ಎದ್ದುನಿಂತಿದೆ. ಆ ವಂಶಕ್ಕೆ ಪಿಡಿಪಿ-೧೧ ಎಂದು ಹೆಸರು. ಆ ಯಂತ್ರಗಳಿಗಾಗಿ ಬರೆದ ಕಾರ್ಯಕ್ರಮಗಳು ಉಳಿದಿವೆ; ಯಂತ್ರಗಳು ವಿರಳವಾಗಿವೆ. ಓಲೆಯನ್ನು ಕಣ್ಣಿನಿಂದ ಓದಬಹುದು; ಆದರೆ ಕಾರ್ಯಕ್ರಮವನ್ನು ಯಂತ್ರವು ನಡೆಸಿದಾಗಲೇ ಅದರ ಅರ್ಥ ಪೂರ್ಣವಾಗಿ ಹೊರಬರುತ್ತದೆ. ಆದಕಾರಣ ಇಂದಿನ ಗಣಕದ ಮೇಲೆ ಹಿಂದಿನ ಗಣಕದ ನಡೆನುಡಿಗಳನ್ನೆಲ್ಲ ಅನುಕರಿಸುವ ಒಂದು ಕಾರ್ಯಕ್ರಮವನ್ನು ರಚಿಸಿ, ಅದರೊಳಗೆ ಹಳೆಯ ಕಾರ್ಯಕ್ರಮವನ್ನು ನಡೆಸುವ ಪದ್ಧತಿ ಬಂದಿತು. ಇದನ್ನು ಎಮ್ಯುಲೇಟರು ಎನ್ನುತ್ತಾರೆ. ಇಲ್ಲಿ ಅನುಕರಣಿ ಎಂದು ಕರೆಯಲಾಗಿದೆ. ಅನುಕರಣಿಯು ಅನುಕರಿಸಬೇಕಾದುದು ವಂಶದ ಸಾಮಾನ್ಯ ಲಕ್ಷಣವನ್ನೋ, ಅಥವಾ ಒಂದೊಂದು ಮಾದರಿಯ ವಿಶೇಷವನ್ನೋ ಎಂಬುದೇ ಪ್ರಕೃತ ವಿಚಾರ.

ಮೊದಲು ವಂಶದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮೇನಾರ್ಡ್ ಎಂಬ ಊರಿನಲ್ಲಿ, ಹಿಂದೆ ಉಣ್ಣೆಯ ಗಿರಣಿಯಾಗಿದ್ದ ಕಟ್ಟಡವೊಂದರಲ್ಲಿ, ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬವರು ೧೯೫೭ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದನ್ನು ಸಂಕ್ಷೇಪವಾಗಿ ಡೆಕ್ ಎನ್ನುವರು. ದೊಡ್ಡ ದಿವಾಣಖಾನೆಯನ್ನು ತುಂಬುವ ಗಣಕಗಳೇ ಗಣಕಗಳೆಂದು ಜನ ತಿಳಿದಿದ್ದ ಕಾಲದಲ್ಲಿ, ಒಂದು ಪ್ರಯೋಗಶಾಲೆಯು ತಾನೇ ಕೊಂಡುಕೊಳ್ಳಬಹುದಾದ ಸಣ್ಣ ಗಣಕವನ್ನು ಈ ಸಂಸ್ಥೆಯು ಮಾಡಿತು. ೧೯೬೫ರಲ್ಲಿ ಹೊರಬಂದ ಪಿಡಿಪಿ-೮ ಎಂಬುದರ ಪದವು ೧೨ ಬಿಟ್ಟುಗಳದು. ಬೆಲೆ ೧೮,೦೦೦ ಡಾಲರು. ಮಿನಿಕಂಪ್ಯೂಟರು ಎಂಬ ಜಾತಿಯು ಇದರಿಂದಲೇ ಬಳಕೆಗೆ ಬಂದಿತೆನ್ನಬಹುದು. ಅದರ ರಚನೆಯಲ್ಲಿ ಪಾಲ್ಗೊಂಡಿದ್ದ ಎಡ್ಸನ್ ಡಿ ಕ್ಯಾಸ್ಟ್ರೋ ಎಂಬವರು ೧೯೬೮ರಲ್ಲಿ ಡೆಕ್ಕನ್ನು ಬಿಟ್ಟು ಡೇಟಾ ಜನರಲ್ ಎಂಬ ಪ್ರತಿಸ್ಪರ್ಧಿ ಸಂಸ್ಥೆಯನ್ನು ಕಟ್ಟಿದರು. ಮರುವರ್ಷವೇ ನೋವಾ ಎಂಬ ೧೬ ಬಿಟ್ಟಿನ ಗಣಕವನ್ನು ಹೊರತಂದರು. ಡೆಕ್ಕಿನ ಉತ್ತರವು ೧೯೭೦ರಲ್ಲಿ ಪ್ರಕಟವಾದ ಪಿಡಿಪಿ-೧೧. ಮೊದಲ ಮಾದರಿಗೆ ೧೧/೨೦ ಎಂಬ ಅಂಕಿತ. ಅಲ್ಲಿಂದ ೧೯೯೦ರ ೧೧/೯೩, ೧೧/೯೪ ಮಾದರಿಗಳವರೆಗೆ ಈ ವಂಶ ಬೆಳೆಯಿತು. ೧೯೯೮ರಲ್ಲಿ ಡೆಕ್ ಸಂಸ್ಥೆಯನ್ನೇ ಕಾಂಪ್ಯಾಕ್ ಸಂಸ್ಥೆಯು ಕೊಂಡುಕೊಂಡಿತು.

ವಂಶದ ಸಾಮಾನ್ಯ ಲಕ್ಷಣ ಹೀಗಿದೆ. ಪದಕ್ಕೆ ೧೬ ಬಿಟ್ಟು. ಪದದ ಅರ್ಧಕ್ಕೆ, ಎಂದರೆ ೮ ಬಿಟ್ಟಿನ ಬೈಟಿಗೆ, ಪ್ರತ್ಯೇಕ ವಿಳಾಸ. ಎಂಟು ರಿಜಿಸ್ಟರುಗಳು, ಅವುಗಳಲ್ಲಿ ಆರನೆಯ ಅಂಕಿಯದು ರಾಶಿಯ ತುದಿಯನ್ನು ತೋರುತ್ತದೆ, ಏಳನೆಯದು ಮುಂದೆ ನಡೆಸಬೇಕಾದ ಆಜ್ಞೆಯ ಸ್ಥಾನವನ್ನು ತೋರುತ್ತದೆ. ಸ್ಮೃತಿಕೋಶವೂ ಬಾಹ್ಯೋಪಕರಣಗಳೂ ಯೂನಿಬಸ್ ಎಂಬ ಒಂದೇ ತಂತಿಸಾಲಿನ ಮೇಲೆ ಕುಳಿತಿದ್ದುದರಿಂದ, ಉಪಕರಣಕ್ಕೆ ಆಜ್ಞೆ ಕೊಡುವುದೂ ಸ್ಮೃತಿಯಲ್ಲಿ ಒಂದು ಸಂಖ್ಯೆಯನ್ನು ಬರೆಯುವುದೂ ಕಾರ್ಯಕ್ರಮದ ದೃಷ್ಟಿಯಿಂದ ಒಂದೇ ಕ್ರಿಯೆ. ವ್ಯಾಕರಣವನ್ನು ಬಲ್ಲವರಿಗೆ ಇದರಲ್ಲಿ ಒಂದು ಸೊಗಸು ಕಾಣದಿರದು: ಕೆಲವೇ ಧಾತುಗಳು, ಎಂಟೇ ವಿಭಕ್ತಿಗಳಂತಹ ಎಂಟು ವಿಳಾಸರೀತಿಗಳು, ಯಾವ ಧಾತುವಿಗೆ ಯಾವ ವಿಭಕ್ತಿಯನ್ನಾದರೂ ಹಚ್ಚಬಹುದೆಂಬ ನಿಯಮ. ಆಜ್ಞೆಗಳನ್ನು ಅಷ್ಟಮಾನ ಪದ್ಧತಿಯಲ್ಲಿ ಬರೆದರೆ ಧಾತು-ವಿಭಕ್ತಿಗಳು ಅಂಕಿ ಅಂಕಿಯಾಗಿ ಬಿಡಿಸಿಕೊಂಡು ಕಾಣುತ್ತವೆ.

ಈ ಲಕ್ಷಣದ ದೋಷವನ್ನು ಅದರ ಕರ್ತೃಗಳೇ ಒಪ್ಪಿಕೊಂಡಿದ್ದಾರೆ. ೧೬ ಬಿಟ್ಟಿನ ವಿಳಾಸದಿಂದ ೬೫,೫೩೬ ಬೈಟುಗಳನ್ನು ಮಾತ್ರ ಮುಟ್ಟಬಹುದು. ಅದರಲ್ಲಿಯೂ ಮೇಲಿನ ೮,೧೯೨ ಬೈಟುಗಳು ಉಪಕರಣಗಳಿಗೆ ಮೀಸಲು. ವಿಳಾಸದ ಬಿಟ್ಟುಗಳು ಸಾಲದಿರುವುದೇ ಗಣಕದ ರಚನೆಯಲ್ಲಿ ಚೇತರಿಸಿಕೊಳ್ಳಲು ಅತಿ ಕಷ್ಟವಾದ ತಪ್ಪೆಂದು ಗಾರ್ಡನ್ ಬೆಲ್ ಮತ್ತು ವಿಲಿಯಂ ಸ್ಟ್ರೆಕರ್ ೧೯೭೬ರಲ್ಲಿ ಬರೆದರು. ಮಾದರಿಗಳು ಹೆಚ್ಚಿದುದು ಬಹುಮಟ್ಟಿಗೆ ಈ ತಪ್ಪನ್ನು ತಿದ್ದುವ ಪ್ರಯತ್ನಗಳಿಂದಲೇ. ೧೯೭೨ರ ೧೧/೪೫ ಮಾದರಿಯು ವಿಳಾಸವನ್ನು ಅನುವಾದಿಸುವ ಒಂದು ಅಂಗವನ್ನು ಸೇರಿಸಿ ಭೌತವಿಳಾಸವನ್ನು ೧೮ ಬಿಟ್ಟಿಗೆ, ಅಂದರೆ ೨,೬೨,೧೪೪ ಬೈಟಿಗೆ ಏರಿಸಿತು. ೧೯೭೫ರ ೧೧/೭೦ ಅದನ್ನು ೨೨ ಬಿಟ್ಟಿಗೆ, ೪೧,೯೪,೩೦೪ ಬೈಟಿಗೆ ಒಯ್ದಿತು. ಅತ್ತ ಬೆಲೆಯನ್ನು ಇಳಿಸುವುದಕ್ಕಾಗಿ ಅದೇ ೧೯೭೫ರಲ್ಲಿ ಎಲ್‌ಎಸ್‌ಐ-೧೧ ಎಂಬ ಕಿರಿದಾದ ಮಾದರಿ ಬಂದಿತು. ಅದರಲ್ಲಿ ಯೂನಿಬಸ್ಸಿಗೆ ಬದಲಾಗಿ ಕ್ಯೂ-ಬಸ್ ಎಂಬ ಇಕ್ಕಟ್ಟಾದ ತಂತಿಸಾಲು. ಇವೆರಡರ ನಡುವೆ ೧೧/೦೫, ೧೧/೩೪, ೧೧/೪೦, ೧೧/೪೪, ೧೧/೬೦ ಮುಂತಾದುವು. ಇವೆಲ್ಲವೂ ಪಿಡಿಪಿ-೧೧ ಎಂದೇ ಮಾರಾಟವಾದುವು. ಒಂದರ ಕಾರ್ಯಕ್ರಮವು ಇನ್ನೊಂದರಲ್ಲಿ ನಡೆಯುವುದೆಂಬ ಭರವಸೆಯೇ ಮಾರಾಟದ ಮೂಲಧನವಾಗಿದ್ದಿತು.

ಆ ಭರವಸೆಯು ಬಹುಮಟ್ಟಿಗೆ ನಿಜ, ಪೂರ್ತಿಯಾಗಿ ನಿಜವಲ್ಲ. ಡೆಕ್ ಸಂಸ್ಥೆಯೇ ತನ್ನ ಕೈಪಿಡಿಗಳ ಅನುಬಂಧದಲ್ಲಿ ಮಾದರಿ-ಮಾದರಿಗಳ ವ್ಯತ್ಯಾಸಗಳನ್ನು ಕೋಷ್ಟಕವಾಗಿ ಅಚ್ಚು ಮಾಡುತ್ತಿದ್ದಿತು. ಎಡಗಡೆ ವ್ಯತ್ಯಾಸದ ವಿವರಣೆ, ಮೇಲುಗಡೆ ಮಾದರಿಗಳ ಹೆಸರು, ಯಾವ ಮಾದರಿಯಲ್ಲಿ ಯಾವ ವರ್ತನೆಯೋ ಅಲ್ಲಿ ಒಂದು ಗುರುತು. ಪಾಠಾಂತರಸೂಚಿಯನ್ನು ನೋಡಿ ರೂಢಿಯಾದವರಿಗೆ ಅದು ತೀರ ಪರಿಚಿತವಾದ ಪುಟದಂತೆ ತೋರುವುದು. ಅದರಲ್ಲಿರುವ ಕೆಲವು ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸಬೇಕು. ಏಕೆಂದರೆ ವಿಷಯದ ತಿರುಳು ಇಲ್ಲಿಯೇ ಇದೆ.

ಸೊನ್ನೆಯ ಅಂಕಿಯ ರಿಜಿಸ್ಟರಿನಲ್ಲಿ ಅಷ್ಟಮಾನದ ೧೦೦ ಎಂಬ ಸಂಖ್ಯೆ ಇದೆಯೆಂದು ಭಾವಿಸೋಣ. ‘ಈ ರಿಜಿಸ್ಟರನ್ನು ಎರಡರಷ್ಟು ಇಳಿಸಿ, ಆಗ ಅದು ತೋರುವ ಸ್ಥಾನದಲ್ಲಿ ಇದೇ ರಿಜಿಸ್ಟರಿನ ಸಂಖ್ಯೆಯನ್ನು ಬರೆ’ ಎಂಬುದು ಆಜ್ಞೆ. ಬರೆಯಬೇಕಾದ ಸ್ಥಾನ ೦೭೬ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಬರೆಯಬೇಕಾದ ಸಂಖ್ಯೆ ಯಾವುದು? ಇಳಿಸುವುದಕ್ಕೆ ಮೊದಲಿದ್ದ ೧೦೦ ಎಂಬುದೋ, ಇಳಿಸಿದ ಮೇಲಿನ ೦೭೬ ಎಂಬುದೋ? ವಾಕ್ಯವು ಎರಡು ಅರ್ಥಗಳಿಗೂ ಎಡೆಗೊಡುತ್ತದೆ. ಕೆಲವು ಮಾದರಿಗಳು ಮೊದಲನೆಯದನ್ನು ಬರೆಯುತ್ತವೆ, ಕೆಲವು ಎರಡನೆಯದನ್ನು. ಎರಡೂ ಪಿಡಿಪಿ-೧೧ಗಳೇ. ಕೈಪಿಡಿಯ ಕೋಷ್ಟಕದಲ್ಲಿ ಮೊದಲು ಕಾಣುವ ವ್ಯತ್ಯಾಸ ಇದೇ ಆಗಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ: ಸೂತ್ರವು ಮೌನವಾಗಿರುವಲ್ಲಿ ವ್ಯಾಖ್ಯಾನಕಾರರು ಬೇರ್ಪಡುವರು.

ಇನ್ನೊಂದು ಸಂಗತಿಯು ಚಿಕ್ಕದಾದರೂ ಸ್ವಾರಸ್ಯಕರ. ಪದದ ಎರಡು ಬೈಟುಗಳನ್ನು ಅದಲುಬದಲು ಮಾಡುವ ಆಜ್ಞೆಯೊಂದುಂಟು. ಲೆಕ್ಕವು ಮಿತಿಮೀರಿತೆಂದು ತಿಳಿಸುವ ಗುರುತನ್ನು ಈ ಆಜ್ಞೆಯು ಅಳಿಸಬೇಕೆ, ಇದ್ದಂತೆ ಬಿಡಬೇಕೆ? ಮೊದಲ ಮಾದರಿಯಾದ ೧೧/೨೦ ಅದನ್ನು ಮುಟ್ಟುವುದಿಲ್ಲ, ಮುಂದಿನವು ಅಳಿಸುತ್ತವೆ. ಪದವನ್ನು ಬೆಸ ವಿಳಾಸದಿಂದ ತೆಗೆದುಕೊಳ್ಳಲು ಹೋದರೆ ದೊಡ್ಡ ಮಾದರಿಗಳು ಕಾರ್ಯಕ್ರಮವನ್ನು ತಡೆದು ದೋಷವನ್ನು ಸಾರುತ್ತವೆ. ಎಲ್‌ಎಸ್‌ಐ-೧೧ ಕೊನೆಯ ಬಿಟ್ಟನ್ನು ಕಡೆಗಣಿಸಿ ಸುಮ್ಮನೆ ಮುಂದೆ ಸಾಗುತ್ತದೆ. ಯಂತ್ರದ ಸ್ಥಿತಿಯನ್ನು ಹೇಳುವ ಪದವು ಉಳಿದ ಮಾದರಿಗಳಲ್ಲಿ ೧೭೭೭೭೬ ಎಂಬ ಅಷ್ಟಮಾನ ವಿಳಾಸದಲ್ಲಿ ಸಿಕ್ಕುತ್ತದೆ. ಎಲ್‌ಎಸ್‌ಐ-೧೧ರಲ್ಲಿ ಆ ವಿಳಾಸದಲ್ಲಿ ಏನೂ ಇಲ್ಲ, ಅದಕ್ಕೆಂದೇ ಎರಡು ಬೇರೆ ಆಜ್ಞೆಗಳಿವೆ. ಗುಣಾಕಾರ-ಭಾಗಾಕಾರಗಳ ಕಥೆ ಇನ್ನೂ ವಿಚಿತ್ರ. ೧೧/೪೫ರಲ್ಲಿ ಅವು ಆಜ್ಞೆಗಳು. ೧೧/೪೦ರಲ್ಲಿ ಬೇರೆ ಹಣ ಕೊಟ್ಟು ಪಡೆಯಬೇಕಾದ ಆಜ್ಞೆಗಳು. ೧೧/೨೦ರಲ್ಲಿ ಆಜ್ಞೆಗಳೇ ಅಲ್ಲ. ಕೆಇ೧೧-ಎ ಎಂಬ ಪೆಟ್ಟಿಗೆಯೊಂದನ್ನು ಯೂನಿಬಸ್ಸಿಗೆ ತಗುಲಿಸಿ, ಅದರ ವಿಳಾಸಗಳಲ್ಲಿ ಸಂಖ್ಯೆಗಳನ್ನು ಬರೆದರೆ, ಗುಣಲಬ್ಧವು ಇನ್ನೊಂದು ವಿಳಾಸದಲ್ಲಿ ಬಂದು ಕೂರುತ್ತದೆ. ಗುಣಾಕಾರವೂ ಒಂದು ಬಾಹ್ಯೋಪಕರಣವಾದ ಕಾಲವದು!

ಈ ಭೇದಗಳು ಹೇಗೆ ಹುಟ್ಟಿದವೆಂಬುದನ್ನು ಊಹಿಸುವುದು ಕಷ್ಟವಲ್ಲ. ೧೧/೨೦ರ ತರ್ಕವನ್ನು ನೇರವಾಗಿ ತಂತಿಗಳಲ್ಲಿಯೇ ಕಟ್ಟಲಾಗಿದ್ದಿತು. ಮುಂದಿನ ಮಾದರಿಗಳಲ್ಲಿ ಒಂದೊಂದು ಆಜ್ಞೆಯನ್ನೂ ಸೂಕ್ಷ್ಮಾಜ್ಞೆಗಳ ಒಂದು ಸರಣಿಯು ನೆರವೇರಿಸುತ್ತದೆ. ಸರಣಿಯಲ್ಲಿ ಒಂದು ಹೆಜ್ಜೆಯನ್ನು ಉಳಿಸಿದರೆ ವೇಗ ಹೆಚ್ಚುತ್ತದೆ ಅಥವಾ ಬೆಲೆ ತಗ್ಗುತ್ತದೆ. ರಿಜಿಸ್ಟರನ್ನು ಮೊದಲು ಓದಬೇಕೋ ಮೊದಲು ಇಳಿಸಬೇಕೋ ಎಂಬುದನ್ನು ಲಕ್ಷಣಗ್ರಂಥವು ನಿರ್ಣಯಿಸದಿದ್ದಾಗ, ಪ್ರತಿಯೊಂದು ಮಾದರಿಯ ರಚನೆಕಾರನೂ ತನಗೆ ಅನುಕೂಲವಾದುದನ್ನು ಆರಿಸಿಕೊಂಡನು. ಲಿಪಿಕಾರನ ಕೈತಪ್ಪು, ಅವನ ಪ್ರಾಂತದ ರೂಢಿ, ಓಲೆಯ ಅಗಲ ಇವೆಲ್ಲ ಹೇಗೆ ಪಾಠವನ್ನು ಬದಲಿಸುವುವೋ ಹಾಗೆಯೇ ಇದು. ಆದರೆ ಒಂದು ಅಂತರವುಂಟು. ಓಲೆಯ ಪರಂಪರೆಯಲ್ಲಿ ಕಳೆದುಹೋದ ಮೂಲವೊಂದನ್ನು ಕಲ್ಪಿಸಿಕೊಳ್ಳಬಹುದು. ಇಲ್ಲಿ ಮೂಲವು ಕಳೆದುಹೋಗಿಲ್ಲ, ಅದು ೧೧/೨೦. ಹಾಗಿದ್ದೂ ಅದೇ ಮುಂದಿನವುಗಳಿಂದ ಹೆಚ್ಚಾಗಿ ದೂರ ಸರಿದಿರುವ ಪ್ರತಿ.

ಒಂದು ಯಂತ್ರವನ್ನು ಇನ್ನೊಂದರಿಂದ ಅನುಕರಿಸುವ ಉಪಾಯವನ್ನು ಇತ್ತೀಚಿನ ಪುರಾತನಪ್ರಿಯರು ಕಂಡುಹಿಡಿದರೆಂದು ತಿಳಿಯಬಾರದು. ೧೯೬೪ರಲ್ಲಿ ಐಬಿಎಂ ಸಂಸ್ಥೆಯು ಸಿಸ್ಟಂ-೩೬೦ ಎಂಬ ಗಣಕವಂಶವನ್ನು ಪ್ರಕಟಿಸಿದಾಗ, ಗಿರಾಕಿಗಳ ಹಳೆಯ ಕಾರ್ಯಕ್ರಮಗಳು ವ್ಯರ್ಥವಾಗದಂತೆ, ೧೪೦೧, ೭೦೯೦ ಮುಂತಾದ ತನ್ನ ಹಿಂದಿನ ಯಂತ್ರಗಳನ್ನು ಹೊಸ ಯಂತ್ರಗಳೊಳಗೆ ಅನುಕರಿಸುವ ವ್ಯವಸ್ಥೆ ಮಾಡಿತು. ಎಮ್ಯುಲೇಟರು ಎಂಬ ಮಾತು ಗಣಕಶಾಸ್ತ್ರದಲ್ಲಿ ನೆಲೆಗೊಂಡುದು ಆ ಪ್ರಸಂಗದಲ್ಲಿಯೇ. ಕನ್ನಡನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ದುಡಿದ ಗಣಕವು ಐಬಿಎಂ ೩೬೦/೪೪ ಮಾದರಿಯದು. ಇದು ತನ್ನ ವಂಶದಲ್ಲಿ ಸ್ವಲ್ಪ ಹೊರಗಿನದು. ವಿಜ್ಞಾನದ ಲೆಕ್ಕಗಳಿಗೆಂದು ವೇಗವಾಗಿ ರಚಿಸಿದ ಈ ಮಾದರಿಯಲ್ಲಿ ದಶಮಾನ ಸಂಖ್ಯೆಗಳ ಆಜ್ಞೆಗಳನ್ನೂ, ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ಅಕ್ಷರಗಳನ್ನು ನೇರವಾಗಿ ಸಾಗಿಸುವ ಆಜ್ಞೆಗಳನ್ನೂ ಕೈಬಿಡಲಾಗಿದ್ದಿತು. ಬೇಕಾದವರು ಅವುಗಳನ್ನು ಅನುಕರಣದ ಮೂಲಕ ಪಡೆಯಬೇಕಾಗಿದ್ದಿತು. ಎಂದರೆ ತನ್ನ ವಂಶದ ಪೂರ್ಣಲಕ್ಷಣಕ್ಕಾಗಿ ತನ್ನದೇ ಬಂಧುಗಳನ್ನು ಅನುಕರಿಸಬೇಕಾದ ಯಂತ್ರ.

ಡೆಕ್ ಸಂಸ್ಥೆಯೂ ಈ ದಾರಿಯನ್ನೇ ಹಿಡಿಯಿತು. ೧೯೭೭ರಲ್ಲಿ ಬಂದ ವ್ಯಾಕ್ಸ್-೧೧/೭೮೦ ೩೨ ಬಿಟ್ಟಿನ ಗಣಕ. ಅದರ ಸ್ಥಿತಿಪದದಲ್ಲಿ ಒಂದು ಬಿಟ್ಟನ್ನು ಎತ್ತಿದರೆ ಅದು ಪಿಡಿಪಿ-೧೧ರ ಆಜ್ಞೆಗಳನ್ನು ನಡೆಸುತ್ತಿದ್ದಿತು. ಆದರೆ ಸಾಮಾನ್ಯ ಬಳಕೆಯ ಆಜ್ಞೆಗಳನ್ನು ಮಾತ್ರ. ಯಂತ್ರದ ಒಡೆತನಕ್ಕೆ ಸೇರಿದ ಆಜ್ಞೆಗಳನ್ನಲ್ಲ. ಡೇಟಾ ಜನರಲ್ಲಿನವರು ೧೯೮೦ರ ಎಂವಿ/೮೦೦೦ ಯಂತ್ರದಲ್ಲಿ ಅಂತಹ ಬಿಟ್ಟನ್ನೇ ಇಡದೆ, ಹಿಂದಿನ ಎಕ್ಲಿಪ್ಸ್ ಗಣಕದ ಆಜ್ಞೆಗಳನ್ನು ಹೊಸವುಗಳ ಜೊತೆಯಲ್ಲಿಯೇ ಹೆಣೆದರು. ಈ ಯಂತ್ರವು ಕಟ್ಟಲ್ಪಡುವುದಕ್ಕೆ ಮೊದಲೇ ಅದರ ಅನುಕರಣಿಯನ್ನು ಅಲ್ಲಿಯ ತರುಣರು ಬರೆದು ಸೂಕ್ಷ್ಮಾಜ್ಞೆಗಳನ್ನು ಅದರ ಮೇಲೆ ಪರೀಕ್ಷಿಸಿದರೆಂದು ಟ್ರೇಸಿ ಕಿಡರ್ ೧೯೮೧ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಇನ್ಫೋಸಿಸ್ ಸಂಸ್ಥೆಯು ೧೯೮೩ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದಾಗ ಅದರ ಆರಂಭದ ಕೆಲಸಗಳು ನಡೆದುದು ಈ ಎಂವಿ/೮೦೦೦ ಗಣಕದ ಮೇಲೆಯೇ.

ಈಗ ಅನುಕರಣಿಗಳಿಗೆ ಬರೋಣ. ಪಿಡಿಪಿ-೧೧ರ ಅನುಕರಣಿಗಳಲ್ಲಿ ಪ್ರಸಿದ್ಧವಾದುದು ಸಿಮ್‌ಎಚ್ ಎಂಬುದು. ಇದರ ಕರ್ತೃ ರಾಬರ್ಟ್ ಸುಪ್ನಿಕ್. ಡೆಕ್ ಸಂಸ್ಥೆಯಲ್ಲಿ ಉಪಾಧ್ಯಕ್ಷಪದವಿಯವರೆಗೆ ಏರಿದವರು. ಸಹೋದ್ಯೋಗಿಯಾದ ಲ್ಯಾರಿ ಸ್ಟೂವರ್ಟ್ ಅವರ ಸೂಚನೆಯ ಮೇರೆಗೆ ೧೯೯೩ರಲ್ಲಿ ಅವರು ಈ ಕೆಲಸಕ್ಕೆ ಕೈಹಚ್ಚಿದರು. (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಜೋರ್ಕ್’ ಎಂಬ ಗಣಕಕ್ರೀಡೆಯನ್ನು ೧೯೭೦ರ ದಶಕದಲ್ಲಿ ಫೋರ್ಟ್ರಾನ್ ಭಾಷೆಗೆ ತಿರುಗಿಸಿದ, ಬಹುಕಾಲ ಅಜ್ಞಾತನಾಗಿದ್ದ ಎಂಜಿನಿಯರನೂ ಇವರೇ. ಹಳೆಯ ಪಠ್ಯವನ್ನು ಹೊಸ ನೆಲದಲ್ಲಿ ಬದುಕಿಸುವ ಚಾಳಿ ಅವರಿಗೆ ಆಗಿನಿಂದಲೇ ಇದ್ದಿತು.) ಸಿಮ್‌ಎಚ್‌ನಲ್ಲಿ ಪಿಡಿಪಿ-೧೧ ಒಂದೇ ಅಲ್ಲದೆ ಪಿಡಿಪಿ-೮, ನೋವಾ, ವ್ಯಾಕ್ಸ್ ಮುಂತಾದ ಹಲವು ಯಂತ್ರಗಳಿವೆ. ಬಳಸುವವನು ಆರಂಭದಲ್ಲಿ ಒಂದು ಸಾಲನ್ನು ಬರೆದು ೧೧/೨೦ ಬೇಕೆಂದೋ, ೧೧/೪೦ ಬೇಕೆಂದೋ, ೧೧/೭೦ ಬೇಕೆಂದೋ ಗೊತ್ತುಮಾಡಬಹುದು. ಹೇಳಿದೊಡನೆ ಆ ಮಾದರಿಯಲ್ಲಿಲ್ಲದ ಆಜ್ಞೆಗಳು ಇಲ್ಲವಾಗುತ್ತವೆ, ಸ್ಮೃತಿಯ ಮೇರೆ ಬದಲಾಗುತ್ತದೆ, ಮೇಲೆ ಹೇಳಿದ ಇಳಿಸುವ-ಓದುವ ಅನುಕ್ರಮವೂ ಬದಲಾಗುತ್ತದೆ.

ಆದರೆ ಈ ಆಯ್ಕೆಯು ಅನುಕರಣಿಯ ಜೊತೆಗೇ ಹುಟ್ಟಿಬಂದುದಲ್ಲ. ಮಾದರಿಭೇದದ ವ್ಯವಸ್ಥೆಯು ತರುವಾಯ ಸೇರಿತು. ಅದಕ್ಕೆ ಮುಂಚೆ ಅಲ್ಲಿದ್ದುದು ವಂಶದ ಗುಣಗಳನ್ನೆಲ್ಲ ಉದಾರವಾಗಿ ಕೂಡಿಸಿಕೊಂಡ ಯಂತ್ರ. ಸಂಪಾದನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಮಿಶ್ರಪಾಠ: ಒಂದು ಪ್ರತಿಯಿಂದ ಇದನ್ನೂ ಇನ್ನೊಂದರಿಂದ ಅದನ್ನೂ ಆಯ್ದುಕೊಂಡು, ಎಲ್ಲಕ್ಕಿಂತ ಸಮೃದ್ಧವಾದ, ಎಲ್ಲಿಯೂ ಇಲ್ಲದ ಪಾಠ. ಓದುಗನಿಗೆ ಇದು ಹಿತವೇ. ಬಹುಪಾಲು ಕಾರ್ಯಕ್ರಮಗಳು ಇಂತಹ ಯಂತ್ರದಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಏಕೆಂದರೆ ಒಳ್ಳೆಯ ಕಾರ್ಯಕ್ರಮಕಾರನು ಸಂದಿಗ್ಧವಾದ ಆಜ್ಞೆಯನ್ನು ದೂರವಿಟ್ಟೇ ಬರೆದಿರುತ್ತಾನೆ. ಆದುದರಿಂದ ಒಂದೊಂದು ಮಾದರಿಯ ವಿಕಾರಗಳನ್ನೂ ಅನುಕರಿಸುವುದು ಪಾಂಡಿತ್ಯದ ಅತಿರೇಕವೆಂದು ವಾದಿಸುವವರಿಗೆ ಆಧಾರವಿಲ್ಲದಿಲ್ಲ. ಈ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

ಅದಕ್ಕೆ ಉತ್ತರವು ಯುಕ್ತಿಯಿಂದಲ್ಲ, ಒಂದು ಘಟನೆಯಿಂದ ದೊರೆಯಿತು. ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ೧೯೬೯ರಲ್ಲಿ ಪಿಡಿಪಿ-೭ ಎಂಬ ಹಳೆಯ ಗಣಕದ ಮೇಲೆ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯು ಮುಂದೆ ಜಗತ್ತನ್ನೇ ವ್ಯಾಪಿಸಿದ ಬಗೆಯು ಪ್ರಸಿದ್ಧವಾಗಿದೆ. ಅದು ೧೯೭೦ರಿಂದಾಚೆಗೆ ಬೆಳೆದುದು ಒಂದು ಪಿಡಿಪಿ-೧೧/೨೦ರ ಮೇಲೆ. ಆ ಯಂತ್ರದಲ್ಲಿ ೨೪ ಸಾವಿರ ಬೈಟುಗಳ ಸ್ಮೃತಿ. ಅದರಲ್ಲಿ ೧೬ ಸಾವಿರ ವ್ಯವಸ್ಥೆಗೆ, ೮ ಸಾವಿರ ಬಳಸುವವರ ಕಾರ್ಯಕ್ರಮಕ್ಕೆ. ಸ್ಮೃತಿಯನ್ನು ಕಾಯುವ ಅಂಗವೇ ಇಲ್ಲದಿದ್ದುದರಿಂದ ಒಬ್ಬನ ತಪ್ಪು ಎಲ್ಲರ ಕೆಲಸವನ್ನೂ ಹಾಳುಮಾಡಬಹುದಾಗಿದ್ದಿತು. ಹೊಸ ಕಾರ್ಯಕ್ರಮವನ್ನು ಪರೀಕ್ಷಿಸಲಿರುವವನು ಮೊದಲು ಕೂಗಿ ಹೇಳಿ, ಉಳಿದವರು ತಮ್ಮ ಬರೆಹವನ್ನು ಭದ್ರಪಡಿಸಿಕೊಳ್ಳಲು ಎಡೆಮಾಡಿಕೊಡುತ್ತಿದ್ದನೆಂದು ರಿಚಿಯವರು ನೆನೆದಿದ್ದಾರೆ. ೧೯೭೧ರ ನವೆಂಬರು ೩ನೆಯ ತಾರೀಖಿನ ಕೈಪಿಡಿಯಿಂದ ಈ ಹಂತಕ್ಕೆ ಪ್ರಥಮಾವೃತ್ತಿಯೆಂಬ ಹೆಸರು ಬಂದಿದೆ.

ಈ ಪ್ರಥಮಾವೃತ್ತಿಯ ತಿರುಳಿನ ಕಾರ್ಯಕ್ರಮವು ನಷ್ಟವಾಯಿತೆಂದೇ ಬಹುಕಾಲ ಭಾವಿಸಲಾಗಿದ್ದಿತು. ೧೯೭೨ರ ಜೂನ್ ತಿಂಗಳಿನ ಒಂದು ಆಂತರಿಕ ದಾಖಲೆಯಲ್ಲಿ ಅದರ ಮುದ್ರಿತ ಪಟ್ಟಿಯೊಂದು ಉಳಿದಿದ್ದಿತು, ಕಾಗದ ಮಾತ್ರ. ೨೦೦೮ರಲ್ಲಿ ಆಸ್ಟ್ರೇಲಿಯದ ವಾರನ್ ಟೂಮಿ ಮತ್ತು ಅವರ ಜೊತೆಗಾರರು ಅದರ ಛಾಯಾಪ್ರತಿಯಿಂದ ಸಾಲು ಸಾಲಾಗಿ ಪಠ್ಯವನ್ನು ಮತ್ತೆ ಎತ್ತಿ ಬರೆದು, ತಿದ್ದಿ, ಸಿಮ್‌ಎಚ್‌ನಲ್ಲಿ ನಡೆಸಲು ಹೊರಟರು. ಇಲ್ಲಿಯೇ ಮಾದರಿಯ ಪ್ರಶ್ನೆ ಬಂದಿತು. ಆ ತಿರುಳು ಗುಣಿಸುವುದಕ್ಕೂ ಭಾಗಿಸುವುದಕ್ಕೂ 'ಕೆಇ೧೧-ಎ' ಪೆಟ್ಟಿಗೆಯ ವಿಳಾಸಗಳನ್ನು ಬಳಸುತ್ತಿದ್ದಿತು. ಸಮೃದ್ಧವಾದ ಮಿಶ್ರಯಂತ್ರದಲ್ಲಿ ಗುಣಾಕಾರಕ್ಕೆ ಉತ್ತಮವಾದ ಆಜ್ಞೆಯೇನೋ ಉಂಟು. ಆದರೆ ಆ ಪೆಟ್ಟಿಗೆಯಿಲ್ಲ. ಇಲ್ಲದ ವಿಳಾಸದಲ್ಲಿ ಬರೆದೊಡನೆ ಯಂತ್ರವು ದೋಷವೆಂದು ನಿಲ್ಲುತ್ತದೆ. ಆದಕಾರಣ ಅವರು ಅನುಕರಣಿಗೇ ಆ ಮರೆತುಹೋದ ಪೆಟ್ಟಿಗೆಯನ್ನು ಸೇರಿಸಬೇಕಾಯಿತು. ೧೧/೭೦ರ ಹಿರಿಮೆಯಾವುದೂ ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಬೇಕಾದುದು ೧೧/೨೦ರ ಬಡತನ. ತಿರುಳಿನ ಸಂಗಡ ನಡೆಯಬೇಕಾದ ಉಳಿದ ಕಾರ್ಯಕ್ರಮಗಳು ರಿಚಿಯವರ ಬಳಿ ಉಳಿದಿದ್ದ ಹಳೆಯ ಟೇಪುಗಳಿಂದ ದೊರೆತುವು. ಹೀಗೆ ಕಾಗದದ ಮೇಲಿನ ಪಟ್ಟಿಯು ಮೂವತ್ತಾರು ವರ್ಷಗಳ ಮೇಲೆ ಮತ್ತೆ ನಡೆಯಿತು.

೧೯೭೫ರ ಷಷ್ಠಾವೃತ್ತಿಯ ಸಾಕ್ಷ್ಯವು ಇನ್ನೊಂದು ಬಗೆಯದು. ಅದರಲ್ಲಿ ಯಂತ್ರಕ್ಕೆ ಅತಿ ಸಮೀಪವಾದ ಭಾಗವನ್ನು ಎರಡು ಸಲ ಬರೆಯಲಾಗಿದೆ: ಒಂದು ಕಡತ ೧೧/೪೦ಕ್ಕೆ, ಇನ್ನೊಂದು ೧೧/೪೫ ಮತ್ತು ೧೧/೭೦ಕ್ಕೆ. ೧೧/೪೫ರಲ್ಲಿ ಆಜ್ಞೆಗಳಿಗೂ ದತ್ತಾಂಶಕ್ಕೂ ಬೇರೆ ಬೇರೆ ವಿಳಾಸಕ್ಷೇತ್ರಗಳಿರುವುದು, ೧೧/೪೦ರಲ್ಲಿ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ಜಾನ್ ಲಯನ್ಸ್ ಅವರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವುದಕ್ಕಾಗಿ ಈ ಆವೃತ್ತಿಗೆ ಬರೆದ ವ್ಯಾಖ್ಯಾನವು ೧೧/೪೦ರ ಕಡತವನ್ನು ಹಿಡಿದು ನಡೆಯುತ್ತದೆ. ವ್ಯಾಖ್ಯಾನವನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಯು ಹೆಜ್ಜೆಹೆಜ್ಜೆಯಾಗಿ ತಿರುಳನ್ನು ನಡೆಸಿ ನೋಡಬೇಕಾದರೆ ಅನುಕರಣಿಯಲ್ಲಿ ೧೧/೪೦ನ್ನೇ ಆರಿಸಬೇಕು. ಹಿರಿಯ ಮಾದರಿಯನ್ನು ಆರಿಸಿದರೆ ಪುಸ್ತಕ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಮಾಡುತ್ತದೆ. ಕಾವ್ಯವನ್ನು ಒಂದು ಪ್ರತಿಯಿಂದಲೂ ಟೀಕೆಯನ್ನು ಇನ್ನೊಂದು ಪ್ರತಿಯಿಂದಲೂ ತೆಗೆದುಕೊಂಡು ತರಗತಿಗೆ ಹೋದ ಅಧ್ಯಾಪಕನ ಪಾಡು ಇದೇ.

ಕಾರ್ಯಕ್ರಮಗಳು ತಾವು ಯಾವ ಮಾದರಿಯ ಮೇಲಿದ್ದೇವೆಂದು ತಾವೇ ವಿಚಾರಿಸಿಕೊಳ್ಳುವುದೂ ಉಂಟು. ಒಂದು ವಿಳಾಸವನ್ನು ಮುಟ್ಟಿ ನೋಡುವುದು, ದೋಷ ಬಂದರೆ ಆ ಅಂಗವಿಲ್ಲವೆಂದು ತಿಳಿಯುವುದು ಹಳೆಯ ಕ್ರಮ. ಮುಂದೆ ೧೧/೪೪ ಮತ್ತು ಚಿಪ್ಪಿನ ಮೇಲಿನ ಮಾದರಿಗಳಲ್ಲಿ ಇದಕ್ಕೆಂದೇ ಒಂದು ಆಜ್ಞೆ ಬಂದಿತು. ಅದನ್ನು ನಡೆಸಿದರೆ ರಿಜಿಸ್ಟರಿನಲ್ಲಿ ಮಾದರಿಯ ಸಂಕೇತಸಂಖ್ಯೆ ದೊರೆಯುತ್ತದೆ. ಮಿಶ್ರಯಂತ್ರವು ಇಂತಹ ವಿಚಾರಣೆಗೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಡಬಹುದು. ಒಂದು ಪ್ರಶ್ನೆಗೆ ೧೧/೪೦ರಂತೆಯೂ ಇನ್ನೊಂದಕ್ಕೆ ೧೧/೭೦ರಂತೆಯೂ. ಆಗ ಕಾರ್ಯಕ್ರಮವು ಎಂದೂ ಇಲ್ಲದಿದ್ದ ಯಂತ್ರಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳಲು ಹೋಗಿ ಕೆಡುವುದು.

ಪ್ರಮಾಣವಾವುದು ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕಾಗಿದೆ. ಕೈಪಿಡಿಯು ಒಂದು ಹೇಳಿ ಯಂತ್ರವು ಇನ್ನೊಂದು ಮಾಡಿದರೆ ಅನುಕರಣಿಯು ಯಾರನ್ನು ನಂಬಬೇಕು? ಸೂತ್ರಕ್ಕೂ ಕವಿಪ್ರಯೋಗಕ್ಕೂ ವಿರೋಧ ಬಂದಾಗ ಪ್ರಯೋಗಕ್ಕೆ ಮನ್ನಣೆ ಕೊಡುವುದು ನಮ್ಮ ವೈಯಾಕರಣರಿಗೆ ಅಪರಿಚಿತವಲ್ಲ. ಅನುಕರಣಿಕಾರರಿಗೂ ಅದೇ ಯುಕ್ತ. ಯಂತ್ರವನ್ನು ದುರಸ್ತಿ ಮಾಡುವವರಿಗಾಗಿ ಡೆಕ್ ಸಂಸ್ಥೆಯು ಪರೀಕ್ಷಾಕಾರ್ಯಕ್ರಮಗಳನ್ನು ಮಾದರಿವಾರು ಹಂಚುತ್ತಿದ್ದಿತು. ಅವು ಒಂದೊಂದು ಆಜ್ಞೆಯನ್ನೂ ಅದರ ಗುರುತುಗಳನ್ನೂ ಶೋಧಿಸುತ್ತವೆ. ಅವು ಇಂದು ಅನುಕರಣಿಗೆ ಒರೆಗಲ್ಲಾಗಿವೆ. ಆದರೆ ಒಂದು ಮಾದರಿಯ ಪರೀಕ್ಷೆಯಲ್ಲಿ ಇನ್ನೊಂದು ಮಾದರಿಯು ನಿಜವಾದ ಯಂತ್ರವೇ ಆಗಿದ್ದರೂ ಸೋಲುವುದು ಸಹಜ. ಆದುದರಿಂದ ಒರೆಗೆ ಹಚ್ಚುವುದಕ್ಕೆ ಮೊದಲೇ ಮಾದರಿಯನ್ನು ಹೆಸರಿಸಬೇಕಾಗುತ್ತದೆ.

ಕಾಲದ ವಿಷಯದಲ್ಲಿ ಮಾತ್ರ ಸಿಮ್‌ಎಚ್ ಉದ್ದೇಶಪೂರ್ವಕವಾಗಿಯೇ ಸ್ವತಂತ್ರವಾಗಿದೆ. ಅದು ಉಪಕರಣಗಳ ವಿಳಂಬವನ್ನು ನಡೆದ ಆಜ್ಞೆಗಳ ಸಂಖ್ಯೆಯಿಂದ ಅಳೆಯುತ್ತದೆಯೇ ಹೊರತು ಹಳೆಯ ಯಂತ್ರದ ಗಡಿಯಾರದಿಂದಲ್ಲ. ೧೧/೦೫ರ ನಿಧಾನವೂ ೧೧/೭೦ರ ಓಟವೂ ಅಲ್ಲಿ ಒಂದೇ. ಛಂದಸ್ಸು ಶುದ್ಧವಾಗಿದ್ದರೂ ಹಾಡುವ ಗತಿ ಗೊತ್ತಾಗದ ಪದ್ಯದಂತೆ ಇದು. ಹೆಚ್ಚಿನ ಕಾರ್ಯಕ್ರಮಗಳಿಗೆ ಇದರಿಂದ ಬಾಧಕವಿಲ್ಲ; ಸುತ್ತು ಎಣಿಸಿ ಹೊತ್ತು ಕಳೆಯುವ ಕಾರ್ಯಕ್ರಮಗಳಿಗೆ ಉಂಟು.

ಇದೆಲ್ಲ ಪುರಾತನವಸ್ತುಗಳ ಮೋಹವೆಂದು ಭಾವಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಪಿಡಿಪಿ-೧೧ ಯಂತ್ರಗಳು ಸುಮಾರು ಆರು ಲಕ್ಷ ಮಾರಾಟವಾದುವೆಂದು ಸಾಮಾನ್ಯವಾದ ಎಣಿಕೆ. ಕಾರ್ಖಾನೆಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಅವು ಹೊತ್ತ ಹೊರೆ ದೊಡ್ಡದು. ಕೆನಡಾದ ಪರಮಾಣು ವಿದ್ಯುದಾಗಾರಗಳ ಸ್ವಯಂಚಾಲಿತ ಉಪಕರಣಗಳನ್ನು ನಡೆಸುವ ಪಿಡಿಪಿ-೧೧ ಕಾರ್ಯಕ್ರಮಗಳನ್ನು ೨೦೫೦ರವರೆಗೆ ನೋಡಿಕೊಳ್ಳಲು ಜನ ಬೇಕಾಗಿದ್ದಾರೆಂಬ ಪ್ರಕಟಣೆಯು ೨೦೧೩ರಲ್ಲಿ ಸುದ್ದಿಯಾಗಿದ್ದಿತು. ಮಾಸ್ಕೋವಿನಲ್ಲಿ ೧೯೮೪ರಲ್ಲಿ ಅಲೆಕ್ಸೇಯ್ ಪಾಜಿತ್ನೋವ್ ‘ಟೆಟ್ರಿಸ್’ ಎಂಬ ಆಟವನ್ನು ಬರೆದುದು ಎಲೆಕ್ಟ್ರೋನಿಕಾ-೬೦ ಎಂಬ ಯಂತ್ರದ ಮೇಲೆ; ಅದು ಎಲ್‌ಎಸ್‌ಐ-೧೧ರ ಸೋವಿಯತ್ ಪ್ರತಿಕೃತಿ. ವಂಶದ ಪಾಠಾಂತರಗಳನ್ನು ಪಟ್ಟಿ ಮಾಡುವವರು ಇಂತಹ ಪರದೇಶದ ಪ್ರತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮತ್ತೊಮ್ಮೆ ಬಂದರೆ, ೩೬೦/೪೪ರ ತರುವಾಯ, ೧೯೮೦ರ ದಶಕದಲ್ಲಿ ಅಲ್ಲಿಯ ಗಣಕಕೇಂದ್ರದಲ್ಲಿದ್ದುದು ಡೆಕ್ ಸಂಸ್ಥೆಯ ಡೆಕ್-೧೦೯೦ ಎಂಬ ದೊಡ್ಡ ಗಣಕ. ಇದರ ಪದ ೩೬ ಬಿಟ್ಟಿನದು. ಪಿಡಿಪಿ-೧೧ರ ವಂಶಕ್ಕೆ ಇದು ಸೇರಿದುದಲ್ಲ. ಆದರೆ ಈ ಜಾತಿಯ ಗಣಕದ ಮುಖ್ಯಾಂಗವು ತಾನಾಗಿಯೇ ಏಳಲಾರದು. ಅದರ ಮಗ್ಗುಲಲ್ಲಿ ಒಂದು ಪಿಡಿಪಿ-೧೧/೪೦ ಕುಳಿತಿರುತ್ತದೆ. ಅದು ಮೊದಲು ಎಚ್ಚತ್ತು, ದೊಡ್ಡ ಯಂತ್ರದ ಸೂಕ್ಷ್ಮಾಜ್ಞೆಗಳನ್ನು ತುಂಬಿ, ಅದನ್ನು ಎಬ್ಬಿಸಿ, ಅನಂತರ ನಿರ್ವಾಹಕನ ಮಾತುಗಳನ್ನು ಅದಕ್ಕೂ ಅದರ ಮಾತುಗಳನ್ನು ನಿರ್ವಾಹಕನಿಗೂ ಮುಟ್ಟಿಸುತ್ತದೆ. ಹೀಗೆ ಬೆಂಗಳೂರಿನಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳು ಹೆಸರನ್ನೂ ಕೇಳದೆ ಒಂದು ೧೧/೪೦ರ ಆಶ್ರಯದಲ್ಲಿ ಕೆಲಸ ಮಾಡಿದರು. ಈ ದೊಡ್ಡ ಯಂತ್ರಕ್ಕೂ ಅನುಕರಣಿಗಳಾಗಿವೆ. ಕೆನ್ ಹ್ಯಾರೆನ್‌ಸ್ಟೀನ್ ಅವರ ಕೆಎಲ್‌ಎಚ್-೧೦ ಅವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ೩೬ ಬಿಟ್ಟಿನ ಯಂತ್ರವು ಆಜ್ಞೆ ಆಜ್ಞೆಯಾಗಿ ನಡೆಯುತ್ತದೆ. ಮಗ್ಗುಲ ೧೧/೪೦ ಮಾತ್ರ ಅಲ್ಲಿಲ್ಲ. ಅದು ದೊಡ್ಡ ಯಂತ್ರಕ್ಕೆ ಕೊಡುತ್ತಿದ್ದ ಉತ್ತರಗಳನ್ನಷ್ಟೇ ಕೊಟ್ಟು ಕೆಲಸ ಸಾಗಿಸಲಾಗಿದೆ.